ಇನ್ನೂರ ಇಪ್ಪತ್ತೈದನೆಯವರು

ಸಿರಿಲ್ ಬಾರ್ಟ್ಲಿಯವರು ಸದನದಲ್ಲಿ ಮಾತಾಡಿದ್ದು
ಹತ್ತು ವರ್ಷ ಕೂಡಿಸಿದರೆ ನಲವತ್ತೊಂದು ನಿಮಿಷ.
ನನಗೆ ಗೊತ್ತು. ಶೀಘ್ರಲಿಪಿಯ ಮೇಜು ನನ್ನದು.
ಅವರ ಸರದಿ ಊಟದ ಹೊತ್ತಿಗೇ ಬರುತ್ತಿತ್ತು,
ಮಂತ್ರಿಗಳು ಬೆಂಚಿನಡಿ ಚಪ್ಪಲಿ ಹುಡುಕುವಾಗ.

ಇನ್ನೂರ ಇಪ್ಪತ್ನಾಲ್ಕು ಮಂದಿ ಗೆದ್ದು ಬಂದವರು.
ಇವರನ್ನು ಕರೆತಂದದ್ದು ರಾಜಭವನದ ಒಂದು ಕಾಗದ.
ಕ್ಷೇತ್ರ ಯಾವುದು ಸಾರ್, ಎಂದರೆ ನಗುತ್ತಿದ್ದರು:
ಕಾಕ್ಸ್ ಟೌನಿನಲ್ಲಿ ಎರಡು ಬೀದಿ, ವೈಟ್‌ಫೀಲ್ಡಿನಲ್ಲಿ ಕೆಲವು ಮುದುಕರು,
ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸು,
ಕೆಜಿಎಫ್‌ನಲ್ಲಿ ಮುಚ್ಚಿದ ಗಣಿಯೆದುರು ಶ್ರುತಿ ಹೋದ ಒಂದು ಪಿಯಾನೋ,
ಇಷ್ಟೇಮ್ಮಾ ನನ್ನ ತಾಲೂಕು.

ಕೇಳಿದ್ದು ದೊಡ್ಡದೇನಲ್ಲ.
ಸ್ಮಶಾನದ ಕುಸಿದ ಕಾಂಪೌಂಡು.
ನರ್ಸಾಗಿದ್ದ ಮಿಸ್ ಡಾಫ್ನಿಯ ತಡೆದ ಪಿಂಚಣಿ.
ಒಮ್ಮೆ ಮಾತ್ರ ದನಿ ಏರಿತು: ಅರ್ಜಿಯ ಕಾಲಂನಲ್ಲಿ
'ಇತರೆ' ಅಂತ ಬರೀಬೇಡಿ, ಹೆಸರಿದೆ ನಮಗೆ.

ಅವರ ಕನ್ನಡ ಲೋಕೋ ಶೆಡ್ಡಿನದು,
ಅಪ್ಪನ ಜೊತೆ ಕಲ್ಲಿದ್ದಲು ಎತ್ತಿಹಾಕುತ್ತ ಕಲಿತದ್ದು.
'ಸ್ವಾಮಿ, ನಮ್ ಜನಾನೂ ವಸಿ ನೋಡ್ಕೊಳ್ಳಿ' ಅಂದರೆ
ನಾನು ಬರೆಯುತ್ತಿದ್ದೆ:
'ನಮ್ಮ ಸಮುದಾಯದ ಕಡೆಗೂ ಸರ್ಕಾರ ಗಮನಹರಿಸಬೇಕೆಂದು ಕೋರುತ್ತೇನೆ.'
ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ.

ಕ್ರಿಸ್‌ಮಸ್ಸಿಗೆ ನಮ್ಮ ಮೇಜಿಗೆ ಕುಲ್‌ಕುಲ್ ಡಬ್ಬಿ.
ಉಳಿದವರಿಗೆ ನಮ್ಮ ಹೆಸರೂ ತಿಳಿಯದು.

ಒಂದೇ ಒಂದು ರಾತ್ರಿ ಅವರ ಸುತ್ತ ಜನ.
ವಿಶ್ವಾಸಮತ. ಎರಡೂ ಕಡೆ ತಕ್ಕಡಿ ಸಮ.
ಯಾರೂ ವೋಟು ಹಾಕದ ಮನುಷ್ಯನ ಒಂದು ವೋಟು
ಸರ್ಕಾರವನ್ನು ಬೀಳದಂತೆ ಹಿಡಿಯಿತು.
ಹಾರ ಬಂತು, ಮೈಸೂರು ಪಾಕು ಬಂತು,
ಮಿಸ್ ಡಾಫ್ನಿಯ ಪಿಂಚಣಿ ಬಂತು.
ಕಾಂಪೌಂಡು ಬರಲಿಲ್ಲ.

ಆಮೇಲೆ ದಿಲ್ಲಿಯಲ್ಲಿ ಲೆಕ್ಕ ಹಾಕಿದರು:
ದೇಶಕ್ಕೆಲ್ಲ ಇನ್ನೂರ ತೊಂಬತ್ತಾರು ಮಂದಿ. ಇನ್ನು ಸ್ಥಾನ ಬೇಕಿಲ್ಲ.
ಬಾರ್ಟ್ಲಿ ಪೇಪರು ಮಡಿಸಿ ಬಗಲಿಗಿಟ್ಟರು.
'ತಂಗಿ ಮಗಳ ಮದುವೇಲಿ ಮುನ್ನೂರು ಜನಕ್ಕೆ
ಹಳದಿ ಅನ್ನ, ಕೋಫ್ತಾ ಮಾಡ್ಸಿದ್ವಲ್ಲಮ್ಮಾ,
ಸಾಲ್ದೇ ಹೋಯ್ತು.
ತಿಂದೋರು ಯಾರು ಹಂಗಾರೆ?'

ಕೊನೆಯ ದಿನ ಎದ್ದು ನಿಂತರು. ಗಂಟೆ ಹೊಡೆಯಿತು. ಮೈಕು ಆರಿತು.
ನನ್ನ ಮೇಜು ಹತ್ತಿರ, ಕೇಳಿಸಿತು:
'ಬರ್ತೀನಿ.'
ಮೊದಲ ಸಲ ತಿದ್ದದೆ ಬರೆದೆ.
ಸಂಪಾದಕರು ಕೆಂಪು ಪೆನ್ನಿನಿಂದ ಅದರಡಿ ಗೆರೆಯೆಳೆದು
ಕನ್ನಡಕದ ಮೇಲಿನಿಂದ ನನ್ನ ನೋಡಿ ಕೇಳಿದರು,
ಎಲ್ಲಿಗಂತೆ?