ಬಾಕಿ

ರಸೀದಿ ಪುಸ್ತಕದ ನಾನೂರ ಹನ್ನೆರಡನೇ ಹಾಳೆ,
ಅಪ್ಪನ ಅಕ್ಷರ:
'ಕಸೂತಿ ಬಟ್ಟೆ ಒಂದು. ತೇಗದ ಕಟ್ಟು. ಬಿಳಿ ಗಾಜು.
ಮುಂಗಡ ಇಪ್ಪತ್ತು. ಬಾಕಿ ನಲವತ್ತೈದು.'
ಹೆಸರು: ನಿದಾಲ್, ಫಾರ್ಮಸಿ ಕಾಲೇಜು.
ಊರಿನ ಜಾಗದಲ್ಲಿ ಏನೋ ಬರೆಸಿ, ಹೊಡೆಸಿ,
'ದಾವಣಗೆರೆ' ಅಂತ ಬರೆಸಿದ್ದಾನೆ.

ತಾಯಿ ಹಾಕಿದ್ದಂತೆ, ನಿರಾಶ್ರಿತರ ಕೇರಿಯಲ್ಲಿ ಕೂತು,
ಎಂಟು ವರ್ಷದವಳಿದ್ದಾಗ ಬಿಟ್ಟುಬಂದ ಊರನ್ನು.
ರಜೆಗೆ ಹೋಗಿ ಬರ್ತೀನಿ ಅಂದವನು
ಅರ್ಧ ಪೊಟ್ಟಣ ಮಂಡಕ್ಕಿ ಇಲ್ಲೇ ಮರೆತು ಹೋದ.
ನಾನಾಗ ಇನ್ನೂ ಹುಟ್ಟಿರಲಿಲ್ಲ.

ಆಮೇಲೆ ರಸ್ತೆ ಅಗಲವಾಯಿತು, ಅಂಗಡಿ ಹಿಂದೆ ಸರಿಯಿತು.
ಮತ್ತೆ ಅಗಲವಾಯಿತು, ಅಂಗಡಿ ರೈಲ್ವೆ ಗೇಟಿನಾಚೆ ಬಂತು.
ದೇವರ ಪಟ, ಮದುವೆ ಪಟ, ಹಾರ ಹಾಕುವ ಪಟ
ಎಲ್ಲ ತಳ್ಳುಗಾಡಿಗೆ ಪೇರಿ
ಇದೊಂದನ್ನು ಮಾತ್ರ ಅಪ್ಪ ಕಂಕುಳಲ್ಲಿ ಅವಚಿ
ನಡೆದೇ ಬಂದ.
ಮಾರಿಬಿಡು ಅಂದವರಿಗೆ
"ಮಾರೋಕೆ ಅದು ನಂದಲ್ಲವಲ್ಲೋ" ಅಂದ.
ಪೇಪರಿನಲ್ಲಿ ಪ್ಯಾಲೆಸ್ತೀನ್ ಅಂತ ಕಂಡರೆ
ಕನ್ನಡಕ ಒರೆಸಿ, ಆ ಫೋಟೋದ ಧೂಳಿನೊಳಗೆ
ಇಪ್ಪತ್ತು ವರ್ಷದ ಹುಡುಗನ ಮುಖ ಹುಡುಕುತ್ತಿದ್ದ,
ಅವನಿಗೂ ತಲೆ ಹಣ್ಣಾಗಿರಬಹುದು
ಅನ್ನುವುದು ಹೊಳೆಯದೆ.

ಮೊನ್ನೆ ನ್ಯಾಮತಿ ಕಡೆಯ ಘಮ್ಲಿಬಾಯಿ
ಗಂಡನ ಫೋಟೋಕ್ಕೆ ಕಟ್ಟು ಹಾಕಿಸಲು ಬಂದವಳು
ಅಳತೆ ಹೇಳುತ್ತಾ ಹೇಳುತ್ತಾ ನಿಂತಳು.
ಗೋಡೆಯ ಮೇಲೆ ಕಡುಗೆಂಪು ದಾರದ ಚೂಪು ಮರಗಳು,
ಎಂಟು ಮೂಲೆಯ ಚುಕ್ಕಿ.
"ಯಾವ ತಾಂಡದ್ದಿದು?"

ಏನು ಹೇಳಲಿ.
ಈಗ ಇಲ್ಲ ಆ ತಾಂಡ ಅಂದೆ.
ಜನ? ಅಂದಳು. ಚೆದುರಿದಾರೆ ಅಂದೆ.
ಅವಳಿಗೇನೂ ಆಶ್ಚರ್ಯವಾಗಲಿಲ್ಲ.
"ಬೆನ್ನು ತೋರ್ಸು. ಮುಂದ ಎಲ್ರೂ ಚೆಂದ ಹಾಕ್ತಾರ,
ಕೈ ಎಂಥಾದ್ದು ಅಂತ ಹಿಂದ ಗೊತ್ತಾಗ್ತೈತಿ."

ಮೊಳೆ ಕಿತ್ತೆ. ರಟ್ಟು ಪುಡಿಯಾಗಿ ಉದುರಿತು.
ಬೆನ್ನ ತುಂಬ ಒಂದೂ ಗಂಟಿಲ್ಲದ ದಾರ.
ಕೆಳಗಿನ ಮೂಲೆಯಲ್ಲಿ, ಚುಚ್ಚಿ ನಿಲ್ಲಿಸಿದ ಹಾಗೇ,
ತುಕ್ಕು ಹಿಡಿದೊಂದು ಸೂಜಿ.
ಅಪ್ಪ ಅದನ್ನು ತೆಗೆದಿರಲಿಲ್ಲ;
ಅದು ಮಲಗಲೆಂದು ರಟ್ಟಿನಲ್ಲಿ
ಅದರುದ್ದಕ್ಕೇ ಒಂದು ತೋಡು ಕೊರೆದಿದ್ದ.

ಘಮ್ಲಿಬಾಯಿ ಉಗುರು ಊರಿ, ತುಟಿಯೊಳಗೇ ಎಣಿಸಿದಳು.
ಸೂಜಿ ಮುಟ್ಟಲಿಲ್ಲ.
"ಹನ್ನೊಂದು ಸಾಲು ಬಾಕಿ ಐತಿ" ಅಂದಳು,
ಆಮೇಲೆ ಗಂಡನಿಗೆ ಅಗ್ಗದ ಕಟ್ಟೇ ಸಾಕೆಂದು
ಚೌಕಾಸಿಗೆ ಕೂತಳು.

ರಾತ್ರಿ ಹೊಸ ರಟ್ಟು ಕತ್ತರಿಸಿದೆ.
ಸೂಜಿಯಷ್ಟುದ್ದ ಕೊರೆಯಲು
ಅಪ್ಪನ ಉಳಿಯೇ ಬೇಕಾಯಿತು.