ಎರಡನೇ ಹಂತ, ಮೂರನೇ ತೊಟ್ಟಿ

ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿನಲ್ಲಿ
ಮೂರನೇ ತೊಟ್ಟಿಯ ಕ್ರೋಮಿಕ್ ಆಮ್ಲ ಖಾಲಿಯಾದ ದಿನ
ನೆಲಕ್ಕೆ ಮಾತ್ರ ಸುದ್ದಿ ಮುಟ್ಟಲಿಲ್ಲ.
ಮೂವತ್ತೊಂದು ವರ್ಷದ ಹಳದಿ
ಸಿಮೆಂಟಿನ ಎಲುಬಿಗೇ ಇಳಿದದ್ದು,
ಬ್ರಷ್ಷಿಗೆ ಬರಲಿಲ್ಲ, ಸೋಡಾಕ್ಕೆ ಬರಲಿಲ್ಲ.

ಆರೋಗ್ಯಪ್ಪ ನೋಡುತ್ತ ನಿಂತಿದ್ದ.
ಎಡಗೈ ಗೆಣ್ಣುಗಳ ಮೇಲೆ ಮೂರು ಕುಳಿ,
ಒಂದೊಂದರಲ್ಲೂ ಮೆಣಸಿನಕಾಳು ಕೂರುವಷ್ಟು ಜಾಗ.
ನಾಲ್ಕನೆಯದು ಮೂಗಿನೊಳಗೆ, ಎರಡು ಹೊಳ್ಳೆಗಳ ನಡುಗೋಡೆಯಲ್ಲಿ.
"ಇದೊಂದು ಕಿಟಕಿ ರೇವಮ್ಮ, ಬಾಡಿಗೆ ಇಲ್ಲದ್ದು" ಅನ್ನುತ್ತಾನೆ,
ಉಸಿರು ಸಿಳ್ಳೆ ಹಾಕುತ್ತದೆ.
ಮನೆಯಲ್ಲಿ ಹಾಲು ಸೀದರೂ ಅವನಿಗೆ ತಿಳಿಯುವುದು
ಹೆಂಡತಿ ತನ್ನನ್ನೇ ಬೈದುಕೊಂಡಾಗ.

ಹೊಸ ತೊಟ್ಟಿಗೆ ಗಂಧಕಾಮ್ಲ, ಜೊತೆಗೆ ಟಾರ್ಟಾರಿಕ್.
ಚೀಲ ಹರಿದು ಬಿಳಿ ಪುಡಿ ತೋರಿಸಿ ನಾನಂದೆ:
ಹುಣಸೆಹಣ್ಣಿನಲ್ಲಿರುವ ಹುಳಿಯೇ ಇದು.
ನಕ್ಕ. "ವಿಮಾನದ ರೆಕ್ಕೆಗೆ ಸಾರು ಮಾಡ್ತೀರಾ?"
ಆಮೇಲೆ ಸುಮ್ಮನಾದ.
ಅವನವ್ವ ಹಿತ್ತಾಳೆ ಕೊಡಕ್ಕೆ ಹುಳಿ ತಿಕ್ಕಿ, ಬೂದಿ ತಿಕ್ಕಿ,
ನೀರು ಹೊಯ್ದು, ಓರೆ ಹಿಡಿದು ನೋಡುತ್ತಿದ್ದಳಂತೆ.
ನೀರು ಹನಿಹನಿಯಾಗಿ ಒಡೆದರೆ ಜಿಡ್ಡು ಉಳಿದಿದೆ.
ಹಾಳೆಯಂತೆ ಹರಿದರೆ ಸರಿ.

ನನ್ನ ತಪಾಸಣೆಯ ಕಾರ್ಡಿನಲ್ಲೂ ಅದೇ ಇದೆ,
ಬೇರೆ ಮಾತಿನಲ್ಲಿ, ಸೆಕೆಂಡುಗಳ ಲೆಕ್ಕದಲ್ಲಿ.

ಮೊದಲ ಜೋಡಿ ತಗಡು ಸೋತಿತು.
ಅಂಟಿಸಿ, ಬೇಯಿಸಿ, ಅಂಚಿನಲ್ಲಿ ಬೆಣೆ ಹೊಡೆದು,
ಬಿರುಕಿನ ತುದಿಗೊಂದು ಗೀರು ಹಾಕಿ
ಬಿಸಿ ಆವಿಯ ಪೆಟ್ಟಿಗೆಯಲ್ಲಿ ಇಟ್ಟಿದ್ದೆವು.
ಬೆಳಗಾಗುವಷ್ಟರಲ್ಲಿ ಬಿರುಕು ಹೆಬ್ಬೆರಳುದ್ದ ಓಡಿತ್ತು.
ಬಿಡಿಸಿದರೆ ಅಂಟೆಲ್ಲ ಒಂದೇ ಕಡೆ;
ಇನ್ನೊಂದು ಕಡೆ ಬರೀ ಲೋಹ, ಫಳಫಳ, ನಾಚಿಕೆಯಿಲ್ಲದೆ.

"ಹಳದಿಯೇ ಚೆನ್ನಾಗಿತ್ತು" ಅಂದರು ಮಾಲೀಕ ಕುಟ್ಟಪ್ಪ.
ನಾನು ವೋಲ್ಟೇಜಿನ ಪಟ್ಟಿ ನೋಡಿದೆ, ಕರೆಂಟ್ ಹೋದ ಗಂಟೆ ನೋಡಿದೆ,
ಬೋರ್‌ವೆಲ್ ನೀರಿನ ಮೇಲೆ ಅನುಮಾನಪಟ್ಟೆ.
ಆರೋಗ್ಯಪ್ಪ ರಾತ್ರಿ ಪಾಳಿಯ ಹುಡುಗನಿಗೆ ಟೀ ಕುಡಿಸಿ ಕೇಳಿಕೊಂಡು ಬಂದ:
ಬೇಗ ಒಣಗಲೆಂದು ಅವನು ತಗಡನ್ನು
ಕಿಟಕಿ ಚೌಕಟ್ಟು ಕುದಿಸುವ ತೊಟ್ಟಿಗೆ ಅದ್ದಿದ್ದ.

ಕಿಟಕಿಗೆ ಅದು ಒಳ್ಳೆಯದು, ಮಳೆಗೆ ಬಾಯಿ ಮುಚ್ಚಿಸುತ್ತದೆ.
ನಮಗೆ ಬೇಕಾದದ್ದು ತೆರೆದ ಬಾಯಿ,
ಕಣ್ಣಿಗೆ ಕಾಣದ ಕೋಟಿ ಕೊಳವೆ,
ಅಂಟು ಇಳಿದು ಬೇರು ಬಿಡುವಷ್ಟು ಟೊಳ್ಳು.
ಆಮ್ಲ ತಿಂದಲ್ಲೇ ಹಿಡಿತ.
ಅವನ ಕೈ ನೋಡದೆ ಇದನ್ನು ವಿವರಿಸುವುದು
ನನಗೆ ಕಷ್ಟವಾಯಿತು.

ಎರಡನೇ ಜೋಡಿ. ಬೆರಳಿನ ಎಣ್ಣೆಯೂ ತಾಗದಂತೆ ಕೈಗವಸು.
ತಣ್ಣೀರಲ್ಲಿ ತೊಳೆದು ಓರೆ ಹಿಡಿದಾಗ
ನೀರು ಒಂದೇ ಹಾಳೆಯಾಗಿ ನಿಂತಿತು,
ಅದರಲ್ಲಿ ನಮ್ಮ ಟ್ಯೂಬ್‌ಲೈಟು,
ಬಾಗಿಲಾಚೆ ನಾಗಸಂದ್ರಕ್ಕೆ ಹೊರಟ ಮೆಟ್ರೊ, ಮಸುಕಾಗಿ.
ಮೂವರೂ ಉಸಿರು ಹಿಡಿದಿದ್ದೆವು.

ಬಿರುಕು ಎರಡು ಮಿಲಿಮೀಟರ್ ನಡೆದು ನಿಂತಿತು.
ಬಿಡಿಸಿದರೆ ಎರಡೂ ಕಡೆ ಅಂಟು.
ಹರಿದದ್ದು ಅದರ ಮೈ,
ಹಿಡಿದ ಜಾಗವನ್ನು ಅದು ಬಿಟ್ಟಿರಲಿಲ್ಲ.
ಸೋಲುವುದಾದರೆ ಹೀಗೆ ಸೋಲಬೇಕು
ಎಂದು ಬರೆಯಲು ಕಾರ್ಡಿನಲ್ಲಿ ಕಾಲಂ ಇಲ್ಲ.
ಪಾಸ್ ಅಂತ ಬರೆದೆ.

ಸಂಜೆ ಆರೋಗ್ಯಪ್ಪ ಹೊಸ ತೊಟ್ಟಿಯ ಮೇಲೆ ಬಾಗಿ,
ಮೂಗು ಹಿಡಿದು, ಬಿಟ್ಟು, ಮತ್ತೆ ಬಾಗಿ ಕೇಳಿದ:
"ಇದರ ವಾಸನೆ ಹೇಗಿದೆ?"
"ವಾಸನೆಯೇ ಇಲ್ಲ" ಅಂದೆ. ಸುಳ್ಳಲ್ಲ.
"ಹಂಗಾದ್ರೆ ಈಗ ನನಗೂ ನಿಮಗೂ ಒಂದೇ"
ಅಂದು ಚಪ್ಪಲಿ ಮೆಟ್ಟಿದ.
ಗೇಟಿನವರೆಗೂ ಸಿಳ್ಳೆ ಕೇಳಿಸುತ್ತಿತ್ತು,
ಮೂಗಿನದೋ ಬಾಯಿನದೋ ತಿಳಿಯಲಿಲ್ಲ.