ಅಷ್ಟೂ ಗೊತ್ತಾಗುವುದಿಲ್ಲವೇ

ಪಾರ್ದುಬಿತ್ಸೆಯಲ್ಲಿ ರಾತ್ರಿಪಾಳಿ. ಲಾಬೆ ನದಿಯ ಮೇಲೆ ಮಂಜು,
ಕಿಟಕಿಯೊಳಗೆ ಆಸಿಡ್ಡಿನ ಸಣ್ಣ ಘಾಟು.
ಓಸ್ಟ್ರಾವಾದಿಂದ ಬಂದ ಫೈಲು ತೆರೆದಿದ್ದೇನೆ.
ಕೆಂಪು ಪದರ, ನೀಲಿ ಪದರ, ತೂತುಗಳ ಪಟ್ಟಿ,
ಎಲ್ಲ ಲೆಕ್ಕಕ್ಕೆ ಸಿಗುತ್ತವೆ.
ಒಂದು ಸಿಗುವುದಿಲ್ಲ.

ಚಾರ್ಜರ್ ಚುಚ್ಚುವ ಜಾಗದಲ್ಲಿ ಮೂರು ಉದ್ದನೆಯ ಕಿಂಡಿ.
ಬೋರ್ಡಿನ ಅಂಚುಗೆರೆಯ ಪದರದಲ್ಲಿ ಬಿಡಿಸಿದ್ದಾನೆ,
ನಾಲ್ಕೂ ಮೂಲೆ ಚೂಪಾಗಿ, ಶಾಲೆಯ ಹುಡುಗ
ಸ್ಕೇಲಿಟ್ಟು ಎಳೆದ ಹಾಗೆ.
ಒಳಗೋಡೆಗೆ ತಾಮ್ರ ಬೇಕೋ ಬೇಡವೋ
ಎಲ್ಲೂ ಒಂದಕ್ಷರವಿಲ್ಲ.

ಮೌನ ಸಮ್ಮತಿ ಅನ್ನುತ್ತಾರೆ. ಯಾವುದಕ್ಕೆ?

ಹಿಂದೆ ಒಮ್ಮೆ ಊಹಿಸಿದ್ದೆ.
ಅಂಚಿನ ಪದರದಲ್ಲಿದೆ, ಅಂದಮೇಲೆ ಬರೀ ಕೊರೆತ ಎಂದುಕೊಂಡು
ತಾಮ್ರದ ತೊಟ್ಟಿ ದಾಟಿದ ಮೇಲೆ ಕೊರೆಸಿದೆ.
ಇನ್ನೂರ ನಲವತ್ತು ಬೋರ್ಡು,
ಆಸ್ಪತ್ರೆಯ ಹಾಸಿಗೆ ಏರಿಸಿ ಇಳಿಸುವ ಯಂತ್ರಕ್ಕೆ.
ಬೆಸುಗೆ ಮೇಲುಮೇಲೆ ಹಿಡಿಯಿತು,
ಒಳಗೆ ಇಳಿಯಲು ಅದಕ್ಕೆ ಗೋಡೆಯೇ ಇರಲಿಲ್ಲ.
ಎರಡನೇ ವಾರ ಯಾರೋ ನರ್ಸು ವೈರು ಎಳೆದಳು,
ಜಾಕು ಕಿತ್ತು ಬಂತು, ಹಾಲುಹಲ್ಲಿನಂತೆ.
ಮಾಲು ಮರಳಿದ ದಿನ ಝ್ಡೆನ್ಯೆಕ್ ಬೈಯಲಿಲ್ಲ.
ಒಂದನ್ನು ನನ್ನ ಮೇಜಿನ ಮೇಲಿಟ್ಟು ಹೋದ.
ಇನ್ನೂ ಅಲ್ಲೇ ಇದೆ. ಅದರ ಮೇಲೆ ಚಹಾದ ಲೋಟ ಇಡುತ್ತೇನೆ.

ಕೆಳಗೆ ಕ್ವ್ಯೆತಾ ಕೊರೆಯಂತ್ರದ ಪಕ್ಕ ಕಾಯುತ್ತಿದ್ದಾಳೆ.
ತಿರುಗುವ ಹಲ್ಲಿಗೆ ಮೂಲೆ ಬಾರದು ಎಂದು ಬಲ್ಲವಳು:
ಎಷ್ಟೇ ಚೂಪಾಗಿ ಬರೆ, ತುದಿ ದುಂಡಗೇ ಬರುತ್ತದೆ.
ಅಗಲದ ಎರಡರಷ್ಟಾದರೂ ಉದ್ದವಿರಲಿ ಎನ್ನುತ್ತಾಳೆ,
ಗಿಡ್ಡವಾದರೆ ಹಲ್ಲು ತಾನೇ ತೋಡಿದ ತೂತಿಗೆ ಜಾರಿ
ಸೊಟ್ಟ ನಡೆಯುತ್ತದೆ.
ತಾಮ್ರ ಬೇಕಿದ್ದರೆ ಇವತ್ತೇ ಕೊರೆಯಬೇಕು, ತೊಟ್ಟಿಗೆ ಮೊದಲು,
ಕೂದಲೆಳೆಯಷ್ಟು ಅಗಲ ಹೆಚ್ಚಿಟ್ಟು.
ಬೇಡವಾದರೆ ನಾಳಿದ್ದು.
ಒಂದೇ ಕಿಂಡಿ. ಎರಡು ದಿನ.

ಕೆಲಸ ನಿಲ್ಲಿಸಿ ಬರೆದೆ:
ಹ್ರುಷ್ಕಾ ಅವರೇ, ಮೂರೂ ಕಿಂಡಿಗಳ ಗೋಡೆಗೆ ತಾಮ್ರ ಬೇಕೇ?
ಕೊಟ್ಟ ಅಳತೆ ನಾವು ಕೊರೆಯುವುದೋ,
ತಾಮ್ರ ಕೂತ ಮೇಲೆ ಉಳಿಯುವುದೋ?

ಬೆಳಿಗ್ಗೆ ಆರಕ್ಕೆ ಉತ್ತರ, ಹಲ್ಲುಜ್ಜುತ್ತಲೇ ಬರೆದಂತೆ:
ಅಷ್ಟೂ ಗೊತ್ತಾಗುವುದಿಲ್ಲವೇ? ಸುತ್ತ ಪ್ಯಾಡು ಇದೆಯಲ್ಲ!

ಇದೆ. ನಿಜ.
ನನ್ನ ಲೋಟದ ಕೆಳಗಿನದಕ್ಕೂ ಇತ್ತು.

ಮತ್ತೆ ಕೇಳಿದೆ. ಹೌದು ಅಥವಾ ಇಲ್ಲ, ಸಾಕು.
ಇಪ್ಪತ್ತು ನಿಮಿಷ ಏನೂ ಬರಲಿಲ್ಲ.
ಆಮೇಲೆ ಹೊಸ ಫೈಲು. ಕಿಂಡಿಗಳು ತೂತಿನ ಪದರಕ್ಕೆ ಬಂದಿವೆ,
ತುದಿಗಳು ದುಂಡಗಾಗಿವೆ, ಪಕ್ಕದಲ್ಲಿ ದಪ್ಪಕ್ಷರ:
ಒಳಗೋಡೆಗೆ ತಾಮ್ರ. ಒಂದು ಮಿಲಿಮೀಟರು ಅಗಲ, ಎರಡೂಮುಕ್ಕಾಲು ಉದ್ದ,
ಎಲ್ಲ ಮುಗಿದ ಮೇಲಿನ ಅಳತೆ.
ಕೊನೆಗೆ, ಯಾವ ಪದರಕ್ಕೂ ಸೇರದೆ,
ಕ್ಷಮಿಸಿ.

ಕ್ವ್ಯೆತಾ ಗುಂಡಿ ಒತ್ತಿದಳು.
ತೂತಿಗೆಲ್ಲ ಅದರದು ತಗಡಿನ ಮೇಲೆ ಆಲಿಕಲ್ಲಿನ ಸದ್ದು,
ಕಿಂಡಿಗೆ ಬಂದಾಗ ಮಾತ್ರ ಒತ್ತೊತ್ತಾಗಿ, ಉಸಿರು ಬಿಡದೆ.
ಮೆಟ್ಟಿಲಲ್ಲಿ ನಿಂತು ಮೂರು ಎಣಿಸಿ
ಕೋಟು ಹಾಕಿಕೊಂಡೆ.